‘ಇದರ ಮೇಲೆ ಸ್ಲ್ಯಾಬ್ ಬೇಡ’ ಅನ್ನೋ ಗುತ್ತಿಗೆದಾರ

ಮುಂಡಗೋಡ ತಾಲೂಕಿನ ಸನವಳ್ಳಿಯಂಥ ಊರು. ಅಜ್ಜ ಕಟ್ಟಿಸಿದ ಮಣ್ಣಿನ ಗೋಡೆ, ಹೆಂಚಿನ ಮನೆ. ಮಗಳ ಮದುವೆಗೆ ಮುಂಚೆ ಹೆಂಚು ಇಳಿಸಿ ಸ್ಲ್ಯಾಬ್ ಹಾಕಿಸೋ ಆಸೆ. ಯಾವ ಗುತ್ತಿಗೆದಾರನನ್ನು ನಂಬೋದು?

ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಒಂದು ಲೆಕ್ಕ ಹೇಳ್ತೀನಿ. ಹತ್ತಕ್ಕೆ ಹತ್ತು ಅಡಿ ಕೋಣೆಗೆ 5 ಇಂಚಿನ ಸ್ಲ್ಯಾಬ್ ಅಂದ್ರೆ ಹತ್ತಿರ ಹತ್ತಿರ 3 ಟನ್ ಭಾರ. ಅದು ಹಳೇ ಮಣ್ಣಿನ ಗೋಡೆ ಮೇಲೆ ಕೂತರೆ? ‘ಏನೂ ಆಗಲ್ರೀ, ನಾನಿದೀನಲ್ಲ’ ಅನ್ನೋರಿಗೆ ಚಹಾ ಕೊಟ್ಟು ಕಳಿಸಿಬಿಡಿ. ‘ಕಾಲಂ ಎಬ್ಬಿಸಬೇಕು, ಇಲ್ಲಾಂದ್ರೆ ಹೆಂಚೇ ಇರಲಿ, ಜಂತಿ ಬದಲಿಸೋಣ’ ಅಂತ ಮುಖದ ಮೇಲೇ ಹೇಳೋರ ರೇಟು ಜಾಸ್ತಿಯಾದರೂ ಕೂತು ಮಾತಾಡಿ. ಧಾರವಾಡದ ಕುಮಾರೇಶ್ವರ ನಗರ ನೆನಪಿದೆಯಲ್ಲ? 2019ರ ಮಾರ್ಚ್ 19. ಇನ್ನೂ ಕಟ್ಟುತ್ತಿದ್ದ ಕಟ್ಟಡವೇ ಕುಸಿದು 19 ಜನ ಸತ್ತರು.

ಆತ ಹಿಂದೆ ಮಾಡಿದ ಮನೆ ನೋಡಿ. ಮೊನ್ನೆ ಬಣ್ಣ ಹೊಡೆದದ್ದಲ್ಲ, ಎರಡು ಮಳೆಗಾಲ ಕಂಡದ್ದು. ಸೋರುತ್ತಾ ಅಂತ ಮನೆಯೊಡತಿಯನ್ನೇ ಕೇಳಿ. ಯಜಮಾನರು ಸೋರಿದ್ರೂ ಒಪ್ಪಲ್ಲ!

ಇನ್ನು ದುಡ್ಡು. ಅಡ್ವಾನ್ಸ್ ಅಂತ ಅರ್ಧ ಕೊಡಬೇಡಿ. ಕೆಲಸ ಎಲ್ಲಿಗೆ ಬಂತೋ ಅಲ್ಲಿಗೆ ಕಂತು, ಕೊನೆಯದು ಒಂದು ಜೋರು ಮಳೆ ಬಿದ್ದ ಮೇಲೆ. ಯಾವ ಸಿಮೆಂಟು, ಎಷ್ಟು ದಪ್ಪದ ಕಬ್ಬಿಣ, ಎಷ್ಟು ದಿನ ನೀರು ಉಣಿಸೋದು, ಎಲ್ಲಾ ಬರೆಸಿ ಸಹಿ ಹಾಕಿಸಿ. ‘ನಂಬಿಕೆ ಇಲ್ವಾ?’ ಅಂತ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

2019ರ ಗ್ರಾಹಕ ಕಾಯ್ದೆಯಲ್ಲಿ ಮನೆ ಕಟ್ಟಿಕೊಡೋದೂ ಸೇವೆಯೇ. ಮಾತು ತಪ್ಪಿದರೆ 2 ವರ್ಷದೊಳಗೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಅಲ್ಲಿ ಕಾಗದ, ರಸೀದಿ ತೋರಿಸಿ ಅಂತಾರೆ.