ಪಟ್ಟದಕಲ್ಲಿನಲ್ಲಿ ಒಂದು ದಿನ

ಪ್ರವಾಸ ಮುಗಿಸಿ ಬಂದವರನ್ನು ‘ಏನೇನು ನೋಡಿದಿರಿ?’ ಎಂದು ಕೇಳುವುದು ವಾಡಿಕೆ. ‘ಎಷ್ಟು ಹೊತ್ತು ನೋಡಿದಿರಿ?’ ಎಂದು ಕೇಳುವವರು ವಿರಳ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ಹಗಲಿನಲ್ಲಿ ಮುಗಿಸಿಬರುವವರು ಬಹಳ ಮಂದಿ. ಅದು ಅಸಾಧ್ಯವೇನೂ ಅಲ್ಲ. ಬಾದಾಮಿಯಿಂದ ಪಟ್ಟದಕಲ್ಲಿಗೆ ಇಪ್ಪತ್ತೆರಡು ಕಿಲೋಮೀಟರು, ಅಲ್ಲಿಂದ ಐಹೊಳೆ ಇನ್ನೂ ಸಮೀಪ.

ನಾವು ನಾಲ್ವರು ಗೆಳೆಯರು ಹೊರಟಾಗ, ನಮ್ಮಲ್ಲಿ ಹಿರಿಯರಾದ ನಿವೃತ್ತ ಉಪಾಧ್ಯಾಯರೊಬ್ಬರು ದಿನಕ್ಕೆ ಒಂದೇ ಊರು ಎಂದು ಕಟ್ಟಳೆ ಮಾಡಿದರು. “ಇನ್ನೊಮ್ಮೆ ಬಂದಾಗ ನೋಡೋಣ ಎನ್ನುವ ವಯಸ್ಸು ನಮ್ಮದಲ್ಲ, ಅದಕ್ಕೇ ಅವಸರ ಬೇಡ” ಎಂಬುದು ಅವರ ತರ್ಕ. ಅವಸರಕ್ಕೆ ಎಲ್ಲರೂ ಕೊಡುವ ಕಾರಣವನ್ನೇ ಅವರು ನಿಧಾನಕ್ಕೆ ಕೊಟ್ಟಿದ್ದರು!

ಪಟ್ಟದಕಲ್ಲಿನ ಬಳಿ ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುತ್ತದೆ. ದಡದ ಒಂದೇ ಬಯಲಿನಲ್ಲಿ ಎರಡು ಕುಲದ ಶಿಖರಗಳು. ಗಳಗನಾಥ, ಕಾಶಿವಿಶ್ವನಾಥ ಗುಡಿಗಳದು ಬಾಗುತ್ತ ಮೇಲೇರುವ ಉತ್ತರದ ನಾಗರ ಶೈಲಿ. ಸಂಗಮೇಶ್ವರ, ವಿರೂಪಾಕ್ಷಗಳದು ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ಶೈಲಿ. ಬೆಳಿಗ್ಗೆ ಇದು ನಮಗೆ ಪುಸ್ತಕದ ಪಾಠವಾಗಿತ್ತು. ಮಧ್ಯಾಹ್ನ ಮರದ ನೆರಳಿನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿಯ ಬುತ್ತಿ ಬಿಚ್ಚಿ ಕುಳಿತಾಗ ಅವು ತಕರಾರಿಲ್ಲದ ನೆರೆಹೊರೆಯವರಂತೆ ಕಂಡವು.

ತಕರಾರು ಎದ್ದದ್ದು ನಮ್ಮಲ್ಲಿ. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯ ಪಲ್ಲವರನ್ನು ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ್ದು ವಿರೂಪಾಕ್ಷ ದೇವಾಲಯ. “ಅಂದರೆ ಇದೂ ಗೆಲವಿನ ಡಂಗುರವೇ ತಾನೆ?” ಎಂದರು ಒಬ್ಬ ಗೆಳೆಯರು. ಮೇಷ್ಟರು ಒಡನೆ ಉತ್ತರ ಕೊಡಲಿಲ್ಲ. ಊಟ ಮುಗಿದ ಮೇಲೆ ಹೇಳಿದರು: ಕಂಚಿಯ ಕೈಲಾಸನಾಥ ದೇಗುಲದಲ್ಲಿ ಇದೇ ಅರಸನ ಕನ್ನಡ ಶಾಸನವಿದೆ; ಆ ಗುಡಿಯ ಸಂಪತ್ತನ್ನು ಕಂಡು ಅದನ್ನು ದೇವರಿಗೇ ಮರಳಿ ಬಿಟ್ಟುಕೊಟ್ಟನೆಂದು ಅದು ಹೇಳುತ್ತದೆ. ಸೋತವರ ನಾಡಿನ ಶಿಲ್ಪವನ್ನು ಗೆದ್ದವರು ಗೌರವಿಸಿದ್ದಕ್ಕೆ ನಮ್ಮೆದುರಿನ ವಿರೂಪಾಕ್ಷವೂ ಸಾಕ್ಷಿ.

ಆಮೇಲೆ ಅವರು ನಮ್ಮನ್ನು ಪೂರ್ವದ ಬಾಗಿಲಿಗೆ ಕರೆದೊಯ್ದರು. ಅಲ್ಲಿಯ ಶಾಸನದಲ್ಲಿ ಗುಡಿ ಕಟ್ಟಿದ ಸೂತ್ರಧಾರಿಯ ಹೆಸರಿದೆ: ಗುಂಡ. ಅವನಿಗೆ ‘ತ್ರಿಭುವನಾಚಾರ್ಯ’ನೆಂಬ ಬಿರುದು. ಅರಸನ ಗೆಲವನ್ನು ಹೇಳುವ ಕಲ್ಲಿನಲ್ಲಿಯೇ ಕುಶಲಿಯೊಬ್ಬನ ಹೆಸರಿಗೂ ಸ್ಥಳವಿದೆ. ತಕರಾರು ತೆಗೆದ ಗೆಳೆಯರು ಬಹಳ ಹೊತ್ತು ಅಲ್ಲಿಯೇ ನಿಂತರು.

ಅರಸರ ಹೆಸರನ್ನು ಮಾರ್ಗದರ್ಶಿಗಳು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಿಯಾರು. ಗುಂಡನಂಥವರು ದೊರೆಯುವುದು ಬಿಡುವಾಗಿ ಕುಳಿತವರಿಗೆ, ಅದರಲ್ಲೂ ಒಪ್ಪದೆ ವಾದಿಸುವ ಗೆಳೆಯನೊಬ್ಬ ಜೊತೆಗಿದ್ದವರಿಗೆ.