ಕತ್ತಲಲ್ಲಿ ಕಟ್ಟುವ ಬಲೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಮೊಲ ಹಿಡಿಯಲು ಕಟ್ಟುವ ಉದ್ದಬಲೆಯ ವಿಚಾರ ಹೇಳಲು ಕೊಟ್ಟಿರುವ ಸಮಯ ಕಡಿಮೆ. ಮೊದಲ ಪಾಠವನ್ನು ಬೇಗ ಮುಗಿಸಿಬಿಡುತ್ತೇನೆ. ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ, ಪೊದೆಯ ಮರೆಯಲ್ಲೇ ಮಲಗುತ್ತದೆ. ಅಲ್ಲಿನದು ಬಿಲಗಳಲ್ಲಿ ಗುಂಪಾಗಿ ಬಾಳುವ ಮೊಲ. ಕತ್ತಲಾದ ಮೇಲೆ ಕಾಡಂಚಿನ ಬಿಲದಿಂದ ಹುಲ್ಲುಗಾವಲಿಗೆ ಇಳಿದು ಮೇಯುತ್ತದೆ, ಬೆದರಿದರೆ ನೇರ ಬಿಲಕ್ಕೇ ಓಡುತ್ತದೆ. ಮೇವಿಗೂ ಬಿಲಕ್ಕೂ ನಡುವೆ ಬಲೆ ನಿಲ್ಲಬೇಕು, ಅಷ್ಟೇ. ನೂರು ಗಜದ ಬಲೆ, ಮೇಲೊಂದು ಹಗ್ಗ, ಕೆಳಗೊಂದು ಹಗ್ಗ, ಎರಡೂ ತುದಿಗೆ ಕಬ್ಬಿಣದ ಗೂಟ, ನಡುನಡುವೆ ಹೇಜಲ್ ಮರದ ಕೋಲು. ತಿಂಗಳಬೆಳಕಿಲ್ಲದ, ಹೊಲದ ಕಡೆಯಿಂದ ಕಾಡಿನ ಕಡೆಗೆ ಗಾಳಿ ಬೀಸುವ ರಾತ್ರಿ. ಉಳಿದದ್ದನ್ನು ನೀವೇ ಊಹಿಸಿಕೊಳ್ಳಬಲ್ಲಿರಿ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಈ ಕಲೆಯ ಜೀವ ಇರುವುದು ಬಲೆಯಲ್ಲಲ್ಲ, ಅದನ್ನು ಸಡಿಲ ಬಿಡುವುದರಲ್ಲಿ. ಬಿಗಿಯಾಗಿ ಕಟ್ಟಿದ ಬಲೆಗೆ ಬಡಿದ ಮೊಲ ಚಿಮ್ಮಿ ಹಿಂದಕ್ಕೆ ಬಿದ್ದು ಇನ್ನೊಂದು ದಿಕ್ಕಿಗೆ ಪರಾರಿಯಾಗುತ್ತದೆ. ಆದ್ದರಿಂದ ಸುಮಾರು ನಾಲ್ಕಡಿ ಅಗಲ ಹೆಣೆದ ಬಲೆಯನ್ನು ಎರಡೂವರೆ ಅಡಿಯಷ್ಟೇ ಎತ್ತರಕ್ಕೆ ನಿಲ್ಲಿಸುತ್ತಾರೆ. ಮಿಕ್ಕದ್ದು ಜೋಲಿಯಂತೆ ಜೋತುಬಿದ್ದಿರುತ್ತದೆ. ಮೊಲ ನುಗ್ಗಿದಾಗ ಆ ಜೋಲು ಅದರ ಮೈಗೆ ಸುತ್ತಿಕೊಳ್ಳುತ್ತದೆ. ಕೆಲಸಕ್ಕೆ ಇಬ್ಬರು. ಮುಂದಿನವನು ಕೈಯಿಂದ ಬಲೆ ಬಿಡುತ್ತ ಸರಸರ ನಡೆಯುತ್ತಾನೆ. ಹಿಂದಿನವನು ಕಂಕುಳಲ್ಲಿ ಕೋಲಿನ ಕಟ್ಟು ಇಟ್ಟುಕೊಂಡು, ಕೆಲವೇ ಹೆಜ್ಜೆಗೊಂದರಂತೆ ನೆಲಕ್ಕೆ ಊರಿ, ಕೆಳಹಗ್ಗವನ್ನು ಬುಡಕ್ಕೆ, ಮೇಲುಹಗ್ಗವನ್ನು ತುದಿಗೆ ಒಂದೊಂದು ಸುತ್ತು ಸುತ್ತಿ ಮುಂದೆ ಹೋಗುತ್ತಾನೆ. ದೀಪವಿಲ್ಲ, ಮಾತಿಲ್ಲ, ಕೋಲಿನ ತಲೆಗೆ ಬಡಿಯುವಂತೆಯೂ ಇಲ್ಲ. ಪ್ರತಿ ಕೋಲಿನ ನಡುವೆಯೂ ಜೋಲು ಸಮನಾಗಿ ಹಂಚಿಹೋಗಿದೆಯೇ ಎಂಬುದನ್ನು ಬೆರಳೇ ಹೇಳಬೇಕು. ಹೆಸರು ಬರುವುದು ಬಲೆ ಹೆಣೆದವನಿಗೆ. ನನ್ನ ಗೌರವವೆಲ್ಲ ಈ ಹಿಂದಿನವನಿಗೆ.

ಇದು ನನ್ನೊಬ್ಬನ ಅಕ್ಕರೆಯ ಮಾತಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ಕ್ಸೆನೊಫನ್ ಬೇಟೆಯ ಮೇಲೆ ಬರೆದನೆಂದು ಹೇಳುವ ಪುಸ್ತಕದಲ್ಲಿ ಮೊಲದ ಬಲೆಗಳ ವಿವರ ಬರುತ್ತದೆ. ಅಲ್ಲೂ ಬಲೆಯ ನೂಲಿನಷ್ಟೇ ಗೂಟಕ್ಕೂ ಮಹತ್ವ: ಎಳೆತ ತಡೆಯುವಂತೆ ಅದನ್ನು ಓರೆಯಾಗಿ ಊರಬೇಕು. ದೇಶ ಬೇರೆ, ಕಾಲ ಬೇರೆ, ಅಲ್ಲಿ ನಾಯಿಗಳೂ ಇದ್ದವು. ಆದರೂ ಕಷ್ಟ ಇದ್ದದ್ದು ಅದೇ ಜಾಗದಲ್ಲಿ.

ಇದು ಕಳ್ಳರ ವಿದ್ಯೆ, ಇದಕ್ಕೇಕೆ ಕಲೆಯ ಪಟ್ಟ ಎಂದು ಕೇಳುವವರಿದ್ದಾರೆ. ಕಳ್ಳಬೇಟೆಗಾರರ ಕೈಯಲ್ಲಿ ಉದ್ದಬಲೆ ಇದ್ದದ್ದು ನಿಜ. ಆದರೆ ಆ ಕಳ್ಳತನವನ್ನು ಅಳೆದ ಕಾನೂನನ್ನೂ ನೋಡಬೇಕು. 1828ರ ರಾತ್ರಿಬೇಟೆ ಕಾಯ್ದೆಯ ಪ್ರಕಾರ ಮೂರನೇ ಸಲ ಸಿಕ್ಕಿಬಿದ್ದವನನ್ನು ಏಳು ವರ್ಷ ಗಡೀಪಾರು ಮಾಡಬಹುದಿತ್ತು. ತನ್ನ ಬೆಳೆ ತಿನ್ನುವ ಮೊಲವನ್ನು ಹಿಡಿಯುವ ಹಕ್ಕು ಗೇಣಿದಾರನಿಗೆ ಖಚಿತವಾಗಿ ದಕ್ಕಿದ್ದು 1880ರ ಕಾಯ್ದೆಯಿಂದ. ಇಲ್ಲಿ ನಾರ್ಫೋಕ್‌ನ ಫ್ರೆಡ್ರಿಕ್ ರೋಲ್ಫ್‌ನನ್ನು ನೆನೆಯದೆ ಇರಲಾರೆ. ಯೌವನದಲ್ಲೇ ಮೊಲದ ಕಾರಣಕ್ಕೆ ನಾರ್ವಿಚ್ ಸೆರೆಮನೆ ಕಂಡ ಈತ ಮುಪ್ಪಿನಲ್ಲಿ ತನ್ನ ಬದುಕನ್ನು ಬರೆದಿಟ್ಟ. ಕಾದಂಬರಿಕಾರ ರೈಡರ್ ಹ್ಯಾಗರ್ಡ್‌ನ ಮಗಳು ಲಿಲಿಯಸ್ ಅದನ್ನು ತಿದ್ದಿ 1935ರಲ್ಲಿ ಪುಸ್ತಕವಾಗಿ ತಂದಳು. ಶಾಲೆಯ ಓದು ಅಷ್ಟಾಗಿ ಇಲ್ಲದವನ ಕೈಯಿಂದ ಬಂದ ಆ ಬರಹದಲ್ಲಿ ಇರುಳು, ಗಾಳಿ, ಪ್ರಾಣಿಯ ಚಲನೆ ಇವುಗಳ ಅರಿವು ಎಷ್ಟು ಖಚಿತ! ರೋಲ್ಫ್‌ನ ಬಗ್ಗೆಯೇ ಇಡೀ ಸಂಜೆ ಮಾತಾಡಬಹುದು, ಆದರೆ ಗಡಿಯಾರ ಓಡುತ್ತಿದೆ.

ಕ್ರೌರ್ಯದ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಬಲೆಗೆ ಬಿದ್ದ ಮೊಲ ಹೆದರುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅದೇ ಹೊಲಗಳಲ್ಲಿ ಬಳಸುತ್ತಿದ್ದ ಹಲ್ಲಿನ ಕತ್ತರಿಬೋನು ಕಾಲು ಮುರಿದು ಬೆಳಗಿನವರೆಗೂ ಪ್ರಾಣಿಯನ್ನು ನರಳಿಸುತ್ತಿತ್ತು. ಅದು ಇಂಗ್ಲೆಂಡಿನಲ್ಲಿ ನಿಷೇಧವಾದದ್ದು 1958ರಲ್ಲಿ. ಬಲೆಯ ಪಕ್ಕದಲ್ಲಿ ಮನುಷ್ಯ ನಿಂತಿರುತ್ತಾನೆ. ಮೇಲುಹಗ್ಗದ ಮೇಲೆ ಬೆರಳಿಟ್ಟು, ಅದುರಿದ ಕೂಡಲೇ ಅಲ್ಲಿಗೆ ಹೋಗಿ, ಕ್ಷಣದಲ್ಲಿ ಕೊರಳು ಮುರಿಯುತ್ತಾನೆ. ಮರಿಯಾದರೆ, ಬೇರೆ ಪ್ರಾಣಿಯಾದರೆ ಗಾಯವಿಲ್ಲದೆ ಬಿಡಬಲ್ಲ. ಬೋನಿಗೆ ಆ ವಿವೇಚನೆ ಇಲ್ಲ. ಇಲ್ಲಿ ಮಾಡಿನೋಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಕಾಡುಮೊಲಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಇರಬೇಕು.

ಸಮಯ ಆಯಿತೆಂದು ಕೈಸನ್ನೆ ಬರುತ್ತಿದೆ. 1953ರಲ್ಲಿ ಮಿಕ್ಸೊಮಟೋಸಿಸ್ ರೋಗ ಬಂದು ಅಲ್ಲಿನ ಮೊಲಗಳು ಬಹುಪಾಲು ಸತ್ತದ್ದು, ಅದರೊಂದಿಗೆ ಈ ಕಸುಬೂ ಕುಗ್ಗಿದ್ದು, ಸೆಣಬಿನ ಜಾಗಕ್ಕೆ ನೈಲಾನ್ ಬಂದದ್ದು, ಯಾವುದನ್ನೂ ಬಿಡಿಸಿ ಹೇಳಲಾಗಲಿಲ್ಲ. ಬಲೆ ಎತ್ತುವ ಕ್ರಮವಂತೂ ಪೂರ್ತಿ ಉಳಿಯಿತು: ಕೋಲು ಕಿತ್ತು, ಬಲೆಯನ್ನು ಮಡಿಕೆ ಮಡಿಕೆಯಾಗಿ ಗೂಟಕ್ಕೆ ಪೋಣಿಸಬೇಕು, ಕಸಕಡ್ಡಿ ಆರಿಸಬೇಕು, ಇಬ್ಬನಿಗೆ ನೆನೆದದ್ದನ್ನು ಮರುದಿನವೇ ಒಣಹಾಕಬೇಕು, ಇಲ್ಲದಿದ್ದರೆ ಮುಂದಿನ ರಾತ್ರಿ ಸಿಕ್ಕುಗಟ್ಟಿ ಬಿಚ್ಚುವುದೇ ಇಲ್ಲ. ಇಷ್ಟಕ್ಕೇ ನಿಲ್ಲಿಸಬೇಕಾಗಿದೆ.