ಕ್ಯಾಮೆರಾ ನಮ್ಮ ತೋಟದ ಕಡೆ ತಿರುಗಲಿ!

(ನೊಣವಿನಕೆರೆಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಿಮ್ಮಲ್ಲಿ ಹಲವರು ಬೆಂಗಳೂರಿನಲ್ಲಿ ಓದುತ್ತಿದ್ದೀರಿ. ರಜೆಗೆ ಊರಿಗೆ ಬಂದಿದ್ದೀರಿ. "ಜಾಗತಿಕ ಸಮಸ್ಯೆಯೊಂದರ ಮೇಲೆ ಐದು ನಿಮಿಷದ ವಿಡಿಯೋ ಮಾಡಿ ತನ್ನಿ" ಎಂದು ಕಾಲೇಜಿನಲ್ಲಿ ಹೇಳಿ ಕಳಿಸುತ್ತಾರೆ. ಆಗ ನೀವೇನು ಮಾಡುತ್ತೀರಿ? ಇಂಟರ್‌ನೆಟ್ಟಿನಿಂದ ಕರಗುವ ಹಿಮದ ಚಿತ್ರ, ಬಡಕಲು ಹಿಮಕರಡಿಯ ಚಿತ್ರ ಇಳಿಸಿಕೊಳ್ಳುತ್ತೀರಿ. ಹಿಂದೆ ಒಂದಿಷ್ಟು ಪಿಟೀಲು. ಮೇಲೆ ಬಾಯಿಪಾಠ ಮಾಡಿದ ಇಂಗ್ಲಿಷು. ಮಾರ್ಕ್ಸು ಬರುತ್ತದೆ, ನಿಜ. ಆದರೆ ಅದರಲ್ಲಿ ನೀವು ಕಣ್ಣಾರೆ ಕಂಡದ್ದು ಒಂದಾದರೂ ಇದೆಯೇ? ನಮ್ಮ ನೊಣವಿನಕೆರೆ ಏನು ಜಗತ್ತಿನ ಹೊರಗಿದೆಯೇ ಸ್ವಾಮಿ?

ನಿಮ್ಮ ತೆಂಗಿನ ತೋಟಕ್ಕೇ ಹೋಗಿ ತಲೆಯೆತ್ತಿ ನೋಡಿ. ಗರಿಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಬಿಳಿ ಮೇಣ ಅಂಟಿದ್ದರೆ, ಕೆಳಗಿನ ಗರಿಗಳು ಮಸಿ ಬಳಿದಂತೆ ಕಪ್ಪಾಗಿದ್ದರೆ, ಅದು ಸುರುಳಿ ಬಿಳಿನೊಣದ ಕೆಲಸ. ವಿಜ್ಞಾನಿಗಳು 2004ರಲ್ಲಿ ಇದಕ್ಕೆ ಹೆಸರಿಟ್ಟದ್ದು ಮಧ್ಯ ಅಮೆರಿಕದ ಬೆಲೀಜ್ ದೇಶದಲ್ಲಿ ಸಿಕ್ಕ ಹುಳುಗಳನ್ನು ನೋಡಿ. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿಯಲ್ಲಿ. ಕಾಯಿಯ ಮೇಲೆ ಕಂದು ಗಾಯ ಮಾಡಿ ಕಾಯಿಯನ್ನೇ ಕುಗ್ಗಿಸುವ ನುಸಿಯ ಕಥೆಯೂ ಹೀಗೇ. 1965ರಲ್ಲಿ ಇದಕ್ಕೆ ಹೆಸರಿಟ್ಟದ್ದು ಮೆಕ್ಸಿಕೋದಲ್ಲಿ ಸಿಕ್ಕ ನುಸಿಯನ್ನು ನೋಡಿ. 1998ರಲ್ಲಿ ಕೇರಳದಲ್ಲಿ ಕಂಡಿತು. ಆಮೇಲೆ ನಮ್ಮ ಸೀಮೆಗೂ ಬಂತು. ಪಾಸ್‌ಪೋರ್ಟಿಲ್ಲ, ವೀಸಾ ಇಲ್ಲ, ಸಮುದ್ರ ದಾಟಿ ಬಂದು ನಮ್ಮ ಮರದ ಮೇಲೆ ಕೂತಿವೆ! ಇದಕ್ಕಿಂತ ಜಾಗತಿಕ ವಿಷಯ ಬೇಕೇ?

ಬಿಳಿನೊಣ ಕಂಡ ಕೂಡಲೇ ಅಂಗಡಿಗೆ ಓಡಿ ವಿಷ ತಂದು ಹೊಡೆಯುವವರಿದ್ದಾರೆ. ಆದರೆ ಈ ನೊಣದ ಮರಿಗಳ ಮೈಯೊಳಗೆ ಬೆಳೆದು ಅವನ್ನು ಕೊಲ್ಲುವ ಎನ್ಕಾರ್ಸಿಯ ಎಂಬ ಪುಟ್ಟ ಕಣಜದ ಹುಳುವೊಂದಿದೆ. ಕಂಡಾಬಟ್ಟೆ ವಿಷ ಹೊಡೆದರೆ ಆ ಕಣಜವೂ ಸಾಯುತ್ತದೆ. ಆಮೇಲೆ ಬಿಳಿನೊಣಕ್ಕೆ ಹೇಳುವವರಿಲ್ಲ, ಕೇಳುವವರಿಲ್ಲ. ಅದಕ್ಕೇ ತಜ್ಞರು ವಿಷದ ವಿಚಾರದಲ್ಲಿ ಕೈ ತಡೆಯಿರಿ ಎನ್ನುತ್ತಾರೆ. ಈ ಸಂಗತಿ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊರಟವನ ಕಿವಿಗೆ ಬೀಳಬೇಕು. ಅವನ ಮಾತಿನಲ್ಲೇ, ಅವನ ತೋಟದ ಗರಿಯನ್ನೇ ತೋರಿಸಿ ಹೇಳಬೇಕು. ನೀವು ಹೇಳದಿದ್ದರೆ ಇನ್ಯಾರು ಹೇಳುತ್ತಾರೆ?

ಹುಳು ಬೇಡವೇ? ಬೆಲೆಯ ಕಥೆ ಹಿಡಿಯಿರಿ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಕಾದರೆ ಉಂಡೆ ಕೊಬ್ಬರಿ. 2023ರಲ್ಲಿ ಅದಕ್ಕೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗೆ ಬಿತ್ತು. ರೈತರು ಬೀದಿಗಿಳಿದರು. 2025ರಲ್ಲಿ ಅದೇ ಮಾರುಕಟ್ಟೆಯಲ್ಲಿ ದರ 20,000 ದಾಟಿತು. ಏರಿದ ಬೆಲೆ ಯಾರ ಕೈ ಸೇರಿತು? ಅಷ್ಟರಲ್ಲಿ ಅಟ್ಟ ಖಾಲಿ ಮಾಡಿಕೊಂಡಿದ್ದವನಿಗೆ ಏನು ಸಿಕ್ಕಿತು? ಮರ ಹತ್ತುವವನ ಕೂಲಿ, ಕಾಯಿ ಸುಲಿಯುವವರ ಕೂಲಿ ಏರಿತೇ? ಈ ಪ್ರಶ್ನೆ ಹಿಡಿದು ಬೆಳೆಗಾರನನ್ನು, ಕೂಲಿಯವರನ್ನು, ವರ್ತಕರನ್ನು ಮಾತಾಡಿಸಿ. ಐದು ನಿಮಿಷ ಸಾಲದೇ ಹೋಗುತ್ತದೆ!

ಹೇಗೆ ಮಾಡುವುದು? ಜೇಬಿನಲ್ಲಿರುವ ಮೊಬೈಲು ಸಾಕು. ಒಂದು ವಿಡಿಯೋಗೆ ಒಂದೇ ಪ್ರಶ್ನೆ. ಬೆಳಗಿನ ಹೊತ್ತು ಹೋಗಿ. ನಡುಮಧ್ಯಾಹ್ನವಾದರೆ ಗರಿಯ ನೆರಳು ಬಿದ್ದು ಮುಖವೆಲ್ಲ ಪಟ್ಟೆ ಪಟ್ಟೆ. ಗಾಳಿ ಬೀಸಿದರೆ ಗರಿಯ ಸದ್ದಿನಲ್ಲಿ ಮಾತು ಮುಳುಗುತ್ತದೆ. ಹಾಗಾಗಿ ಮಾತನ್ನು ಜಗಲಿಯ ಮೇಲೆ ಕೂತು ಹಿಡಿಯಿರಿ. ಮೊದಲು ಒಪ್ಪಿಗೆ ಕೇಳಿ. "ಬ್ಯಾಡ ಕಣಪ್ಪ" ಎಂದರೆ ಮೊಬೈಲು ವಾಪಸು ಜೇಬಿಗೆ. ಸಾಲದ ಲೆಕ್ಕ ಕೆದಕಿ, ಅವರ ಕಣ್ಣೀರನ್ನು ಮಾರ್ಕ್ಸಿಗೆ ಮಾರಬೇಡಿ. ಬೆಲೆ ತೋರಿಸಿದರೆ ಯಾವ ದಿನದ್ದು ಎಂದು ಬರೆಯಿರಿ. ಹುಳುವಿನ ಗುರುತು ಸರಿಯೇ ಎಂದು ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ ಖಾತ್ರಿ ಮಾಡಿಕೊಳ್ಳಿ.

ಇನ್ನು ಭಾಷೆ. ನಮ್ಮ ಸೀಮೆಯ ಕನ್ನಡವೇ ಇರಲಿ. "ಅದು ಹಳ್ಳಿ ಮಾತು" ಎಂದು ನಾಚುವುದೇಕೆ? ಮಂಡ್ಯ ಜಿಲ್ಲೆಯ ಹಳ್ಳಿಯವರೇ ತಮ್ಮ ಮಾತಿನಲ್ಲೇ ನಟಿಸಿದ 'ತಿಥಿ' ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ನಿಮ್ಮ ಮೇಷ್ಟರಿಗೆ ಬೇಕಾದರೆ ಇಂಗ್ಲಿಷಿನಲ್ಲಿ ಅಡಿಬರಹ ಹಾಕಿ. ಅಜ್ಜಿ ಆಡಿದ ಮಾತಿನ ಮೇಲೆ ನಿಮ್ಮ ಇಂಗ್ಲಿಷ್ ದನಿ ಹೊದಿಸಬೇಡಿ.

ಅಭಿಮಾನದ ಮಾತು ಒತ್ತಟ್ಟಿಗಿರಲಿ. ಇಂಗ್ಲಿಷಿನಲ್ಲಿ ನೀವು ತಪ್ಪು ಹೇಳಿದರೆ ತೋಟದವನಿಗೆ ಅದು ಗೊತ್ತೇ ಆಗುವುದಿಲ್ಲ. ಅವನ ಬದುಕಿನ ಮೇಲೆ ಅವನಿಗೇ ತಿಳಿಯದ ತೀರ್ಪು ಕೊಟ್ಟು ಹೋಗಿರುತ್ತೀರಿ. ಕನ್ನಡದಲ್ಲಿ ತಪ್ಪು ಹೇಳಿ ನೋಡಿ, "ಏಯ್, ಹಂಗಲ್ಲ ಕಣಯ್ಯಾ" ಎಂದು ಅಲ್ಲೇ ಹಿಡಿಯುತ್ತಾರೆ!

ಆದ್ದರಿಂದ ವಿಡಿಯೋ ಕಾಲೇಜಿಗೆ ಕೊಡುವ ಮೊದಲು ಇಲ್ಲಿ ತೋರಿಸಿ. ಯಾರ ತೋಟ, ಯಾರ ಮಾತು ಅದರಲ್ಲಿದೆಯೋ ಅವರನ್ನೇ ಮುಂದೆ ಕೂರಿಸಿ. ಅವರು ತಿದ್ದಿದ್ದನ್ನು ತಿದ್ದಿ. ಆಮೇಲೆ ಬೆಂಗಳೂರಿಗೆ ಬಸ್ಸು ಹತ್ತಿ.